ಮೂವತ್ತು ಎಣಿಸುವವರೆಗೆ

ಇಪ್ಪತ್ತೇಳಕ್ಕೆ ಬಂದಿದ್ದಳು. ತಲೆಯ ಮೇಲಿನ ಫ್ಯಾನು ಸುತ್ತಿಗೊಂದು ಸಲ ಕಟ್ ಅನ್ನುತ್ತಿತ್ತು. ಸುಚಿತ್ರಾ ಅದನ್ನೇ ಎಣಿಸುತ್ತಿದ್ದಳು. ಹಾಲು ಕಾಯುವಾಗ, ಬಸ್ಸು ಹೊರಡುವ ಮುನ್ನ, ಸಾತನೂರಿನಿಂದ ಫೋನು ಮಾಡಿದ ಅವ್ವ ಉಸಿರೆಳೆದುಕೊಂಡು ಮದುವೆಯ ಮಾತಿಗೆ ಬರುವ ಮುನ್ನ, ಎಲ್ಲದಕ್ಕೂ ಅವಳು ಮೂವತ್ತು ಎಣಿಸುತ್ತಿದ್ದಳು. ಒಂಬತ್ತು ವರ್ಷದ ಕಸುಬು ಹತ್ತಿಸಿದ ಚಾಳಿ ಅದು.

ಇಪ್ಪತ್ತೆಂಟಕ್ಕೆ ತೆರೆಯ ಮೇಲೆ ಹೊಸ ಸ್ಲೈಡು ಬಂತು. ಎಡಗಡೆ ಚಿಕಿತ್ಸೆಗಳ ಹೆಸರು, ಬಲಗಡೆ ಬಣ್ಣದ ಚುಕ್ಕೆ. ಹಸಿರಿದ್ದರೆ ಮಾಡಿ, ಹಳದಿಯಿದ್ದರೆ ಯೋಚಿಸಿ ಮಾಡಿ, ಕೆಂಪಿದ್ದರೆ ನಿಲ್ಲಿಸಿ. ಸಿಗ್ನಲ್ ಗೊತ್ತಿಲ್ಲದವರು ಇಲ್ಲಿ ಯಾರೂ ಇಲ್ಲವಲ್ಲ ಎಂದು ಬೆಂಗಳೂರಿನಿಂದ ಬಂದಿದ್ದ ಡಾಕ್ಟರ್ ಆಫ್ತಾಬ್ ನಕ್ಕರು. ಸಭೆಯೂ ನಕ್ಕಿತು. ನಾಲ್ಕನೆಯ ಸಾಲಿನಲ್ಲಿ, ಕೈಯಿಂದ ಕಾಲು ಎಳೆದು ಹಿಡಿಯುವ ಸ್ಟ್ರೆಚಿಂಗ್ ಎಂದಿತ್ತು. ಅದರ ಎದುರು ಕೆಂಪು.

ಅವಳು ಇನ್ನೊಮ್ಮೆ ಓದಿದಳು. ಚುಕ್ಕೆ ಬಣ್ಣ ಬದಲಿಸಲಿಲ್ಲ.

ಇದರಿಂದ ಮಗುವಿಗೆ ನೋವಾಗುತ್ತದೆಯೇ ಹೊರತು ಕಾಲು ಸಡಿಲವಾಗುವುದಿಲ್ಲ, ಸಾಕಷ್ಟು ಪುರಾವೆ ಇದೆ, ಇನ್ನು ಬಿಟ್ಟುಬಿಡಿ ಎಂದರು ಡಾಕ್ಟರು. ಸೋರುವ ನಲ್ಲಿಯ ಬಗ್ಗೆ ಹೇಳುವಷ್ಟೇ ಸಲೀಸಾಗಿ ಹೇಳಿ ಮುಂದಿನ ಸ್ಲೈಡಿಗೆ ಹೋದರು. ಆ ಕೆಂಪು ಚುಕ್ಕೆ ತೆರೆಯ ಮೇಲಿದ್ದದ್ದು ಮೂವತ್ತು ಎಣಿಕೆಗಿಂತಲೂ ಕಮ್ಮಿ ಹೊತ್ತು.

ರಾಮನಗರದ ಆ ಸಭಾಂಗಣದಲ್ಲಿ ನಲವತ್ತು ಜನ ಇದ್ದರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ನಾಲ್ಕು ತಾಲ್ಲೂಕಿನ ಫಿಸಿಯೊಥೆರಪಿಸ್ಟರು, ಮಾತು ಕಲಿಸುವವರು, ವಿಶೇಷ ಶಿಕ್ಷಕರು, ಮನೆಮನೆ ಸುತ್ತುವ ಕಾರ್ಯಕರ್ತೆಯರು. ಹುಟ್ಟುವ ಹೊತ್ತಿಗೆ ಮೆದುಳಿಗೆ ಪೆಟ್ಟು ಬಿದ್ದು ಕೈಕಾಲು ಬಿಗಿದುಕೊಂಡ ಮಕ್ಕಳನ್ನು ನೋಡಿಕೊಳ್ಳುವುದು ಇವರೆಲ್ಲರ ಕೆಲಸ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ‘ಸೆರೆಬ್ರಲ್ ಪಾಲ್ಸಿ ಚಿಕಿತ್ಸಾ ತಂಡಗಳಿಗೆ ಪುನಶ್ಚೇತನ ತರಬೇತಿ’ ಎಂದಿತ್ತು. ವರ್ಷಕ್ಕೊಮ್ಮೆ ಎಲ್ಲರಿಗೂ ಹೀಗೆ ಚೇತನ ಬರುತ್ತಿತ್ತು. ಸಂಜೆ ಐದಕ್ಕೆ ಸರ್ಟಿಫಿಕೇಟಿನ ಜೊತೆ ಅದನ್ನೂ ಮಡಚಿ ಬ್ಯಾಗಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದರು.

ಕೆಂಪು ಚುಕ್ಕೆಯ ಸ್ಲೈಡು ಬಂದಾಗಲೂ ಎಲ್ಲರೂ ಫೋನೆತ್ತಿ ಫೋಟೊ ತೆಗೆದುಕೊಂಡಿದ್ದರು. ನಲವತ್ತು ಜನರಲ್ಲಿ ಒಬ್ಬರಾದರೂ ಎದ್ದು ನಿಲ್ಲಬೇಕಿತ್ತು, ಕೊನೆಗೆ ಯಾರ ಕೈಯಿಂದಲಾದರೂ ಪೆನ್ನು ಬೀಳಬೇಕಿತ್ತು ಅನ್ನಿಸಿತು ಸುಚಿತ್ರಾಳಿಗೆ. ತಾನೂ ಫೋಟೊ ತೆಗೆದಿದ್ದೇನೆಂದು ಆಮೇಲೆ ಗೊತ್ತಾಯಿತು.

ಪಕ್ಕದಲ್ಲಿ ಲೋಕೇಶ್ ಕೂತಿದ್ದ. ಅವರ ಸಂಸ್ಥೆಯ ಸಂಯೋಜಕ. ಯಾರು ಯಾವ ಊರಿಗೆ ಹೋಗಬೇಕು, ಹೋದವರು ರಿಜಿಸ್ಟರಿನಲ್ಲಿ ಏನು ಬರೆಯಬೇಕು ಎಂದು ನೋಡಿಕೊಳ್ಳುವವನು. ಕನಕಪುರದ ಕಡೆಯವನು, ಕೆಟ್ಟವನಲ್ಲ.

“ಲೋಕೇಶ್, ಇದು ನಾವು ಮಾಡ್ತಿರೋದೇ ಅಲ್ವಾ?” ಅಂದಳು.

“ಯಾವ್ದು?”

“ಕೆಂಪು.”

“ಬುಡಿ ಮೇಡಂ. ಹೋದ್ ವರ್ಷ ಬಂದೋರು ಇನ್ನೊಂದ್ ಹೇಳಿದ್ರು. ಮುಂದಿನ್ ವರ್ಷ ಬರೋರು ಮತ್ತೊಂದ್ ಹೇಳ್ತಾರೆ.” ಅವನು ಗಡಿಯಾರ ನೋಡಿದ. “ಮಧ್ಯಾಹ್ನ ನಿಮ್ ಕೇಸ್ ಐತೆ. ಮಗು ಬತ್ತಾ ಐತಾ?”

ಬರುತ್ತಿತ್ತು. ಮಗುವನ್ನು ಕರೆಸಿದವಳು ಸುಚಿತ್ರಾಳೇ. ಊಟದ ನಂತರ ಪ್ರತಿ ತಾಲ್ಲೂಕಿನಿಂದ ಒಂದೊಂದು ‘ಯಶೋಗಾಥೆ’ ಹೇಳಬೇಕಿತ್ತು. ಚನ್ನಪಟ್ಟಣದ ಯಶೋಗಾಥೆಯ ಹೆಸರು ಮಹ್ವಿಶ್, ವಯಸ್ಸು ಒಂಬತ್ತು. ಆರು ವರ್ಷದಿಂದ ವಾರಕ್ಕೆರಡು ಸಲ ಸುಚಿತ್ರಾ ಅವಳ ಮನೆಗೆ ಹೋಗಿ ಅವಳ ಕಾಲು ಎಳೆದು ಹಿಡಿಯುತ್ತಿದ್ದಳು.

ಚಹಾದ ಬಿಡುವಿನಲ್ಲಿ ಡಾಕ್ಟರ್ ಆಫ್ತಾಬರ ಸುತ್ತ ಗುಂಪಿತ್ತು. ಅವಳು ಲೋಟ ಹಿಡಿದು ಸರದಿ ಕಾದಳು. ಮನೆಯವರಿಗೆ ಏನು ಹೇಳಬೇಕು ಎಂದು ಕೇಳಿದಳು. ಯಾವುದರ ಬಗ್ಗೆ ಎಂದರು ಅವರು. ಇಷ್ಟು ವರ್ಷ ಮಾಡಿಸಿದ್ದರ ಬಗ್ಗೆ ಎಂದಳು. ಅವರು ಒಳ್ಳೆಯ ಪ್ರಶ್ನೆ ಎಂದರು. ಒಳ್ಳೆಯ ಪ್ರಶ್ನೆ ಎಂದವರ ಬಳಿ ಉತ್ತರ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಕುಟುಂಬದವರ ಜೊತೆ ಸಂವಹನ ಅಂತ ಕೊನೆಯಲ್ಲಿ ಒಂದು ಸೆಷನ್ ಇದೆ, ಸಮಯ ಉಳಿದರೆ ಮಾಡೋಣ ಎಂದು ಹೇಳಿ ಅವರು ಬಿಸ್ಕತ್ತು ಮುಳುಗಿಸಿದರು. ಅದು ಮುರಿದು ಚಹಾದೊಳಗೆ ಬಿತ್ತು.

ಮಹ್ವಿಶಳ ಮನೆ ಚನ್ನಪಟ್ಟಣದ ಒಂದು ಸಂದಿಯಲ್ಲಿ. ಮುಂದಿನ ಕೋಣೆಯಲ್ಲಿ ಅವಳ ತಾತ ಹಬೀಬ್ ಲೇತು ಇಟ್ಟುಕೊಂಡು ಮರದ ಬೊಂಬೆ ಕಡೆಯುತ್ತಾರೆ. ಹಿಂದಿನ ಕೋಣೆಯಲ್ಲಿ ಚಾಪೆ. ಚಾಪೆಯ ಮೇಲೆ ಮಗುವನ್ನು ಅಂಗಾತ ಮಲಗಿಸಿ, ಒಂದು ಕೈಯಲ್ಲಿ ಮಂಡಿ ಒತ್ತಿ, ಇನ್ನೊಂದರಲ್ಲಿ ಹಿಮ್ಮಡಿ ಎತ್ತಿ, ಕಾಲು ನೇರವಾಗುವ ತನಕ, ಅಂದರೆ ಮಗು ಕಿರುಚುವ ತನಕ, ಎಳೆದು ಹಿಡಿಯಬೇಕು. ಮೂವತ್ತು ಎಣಿಸಬೇಕು. ಬಿಡಬೇಕು. ಒಂದು ಕಾಲಿಗೆ ಐದು ಸಲ. ಫಿಸಿಯೊಥೆರಪಿ ಕಾಲೇಜಿನಲ್ಲಿ ಸುಚಿತ್ರಾಳಿಗೆ ಕಲಿಸಿದ್ದು ಹಾಗೆ, ಅವಳು ಕಲಿಸಿದ್ದೂ ಹಾಗೆ.

ಮೊದಲ ದಿನ ಮಗು ಹೊರಳಾಡಿದಾಗ, “ಅಳಬೇಡ, ಎಣಿಸು. ಮೂವತ್ತಕ್ಕೆ ಬಿಟ್ಬಿಡ್ತೀನಿ” ಅಂದಿದ್ದಳು. ಮೂರು ವರ್ಷದ ಮಗು ಮೂರೇ ತಿಂಗಳಲ್ಲಿ ಮೂವತ್ತರವರೆಗೆ ಕಲಿತಿತ್ತು. ಮನೆಯಲ್ಲಿ ಎಲ್ಲರದೂ ಉರ್ದು. ಕನ್ನಡ ಆ ಮಗುವಿಗೆ ಬಂದದ್ದು ಸುಚಿತ್ರಾಳಿಂದ, ಚಾಪೆಯ ಮೇಲೆ, ಒಂದು ಎರಡು ಮೂರು ಎಂದು.

ಮೂವತ್ತಾದ ಮೇಲೆ ಎಷ್ಟು ಎಂದು ಒಮ್ಮೆ ಕೇಳಿದ್ದಳು. “ಬಿಡೋದು” ಅಂದಿದ್ದಳು ಮಹ್ವಿಶ್.

ಅದನ್ನು ಸುಚಿತ್ರಾ ಆಫೀಸಿನಲ್ಲಿ ತಮಾಷೆಯಾಗಿ ಹೇಳಿದ್ದಳು. ಎಲ್ಲರೂ ನಕ್ಕಿದ್ದರು. ಇವತ್ತಿನ ಸ್ಲೈಡಿನಲ್ಲೂ ಒಂದು ಸಾಲು ಬರೆದಿದ್ದಳು: ಮಗು ಮೂವತ್ತರವರೆಗೆ ಎಣಿಸಲು ಕಲಿತಿದೆ.

ಅವಳು ದಿನಕ್ಕೆ ಆರು ಮಕ್ಕಳನ್ನು ಮುಟ್ಟುತ್ತಿದ್ದಳು. ಅವಳನ್ನು ಮುಟ್ಟುವವರು ಯಾರೂ ಇರಲಿಲ್ಲ. ಬಾಡಿಗೆ ಮನೆ, ಒಂಟಿ ತಟ್ಟೆ, ಸ್ಕೂಟಿ. ಕೆಲವು ಸಂಜೆ ಅವಳಿಗೆ ತನ್ನ ಕೈ ಬರೀ ಒಂದು ಉಪಕರಣವೆಂದೂ ಅದನ್ನು ತೊಳೆದು ಒಣಗಲಿಟ್ಟು ಮಲಗುತ್ತೇನೆಂದೂ ಅನ್ನಿಸುವುದಿತ್ತು. ಅದಕ್ಕೆ ಅವಳು ಬೇಸರಪಟ್ಟವಳಲ್ಲ. ಉಪಕರಣವಾದರೂ ಕೆಲಸಕ್ಕೆ ಬರುವ ಉಪಕರಣ ಎಂಬ ಹೆಮ್ಮೆ ಇತ್ತು. ಬೆಳಗಿನ ಹನ್ನೊಂದೂ ಕಾಲಿಗೆ ಆ ಹೆಮ್ಮೆಯೂ ಹೋಯಿತು.

ಹನ್ನೆರಡೂವರೆಗೆ ನಿಖಾತ್ ಬಂದಳು. ಮಗಳನ್ನು ಸೊಂಟದ ಮೇಲೆ ಹೊತ್ತು ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದಳು. ಒಂಬತ್ತು ವರ್ಷದ ಹುಡುಗಿಯ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡು ತಾಯಿಯ ಮಂಡಿಯವರೆಗೆ ಇಳಿಬಿದ್ದಿತ್ತು. ನಿಖಾತ್ ಬೆವರು ಒರೆಸಿಕೊಂಡು, ಯಾರೂ ಕೇಳುವ ಮೊದಲೇ ಲೆಕ್ಕ ಒಪ್ಪಿಸಿದಳು.

“ಬೆಳಿಗ್ಗೆದು ಮುಗಿಸ್ಕೊಂಡೇ ಬಂದೆ ಮೇಡಂ. ಎರಡೂ ಕಾಲು. ಐದೈದು ಸಲ.”

“ಇವತ್ತು ಬಿಡಬಹುದಾಗಿತ್ತು” ಎಂದಳು ಸುಚಿತ್ರಾ.

“ಯಾಕ್ ಬುಡ್ಲಿ? ಹಬ್ಬದ್ ದಿನಾನೂ ಬುಟ್ಟಿಲ್ಲ.”

ನಿಜ. ನಿಖಾತ್ ರೇಷ್ಮೆ ನೂಲು ತೆಗೆಯುವ ಕೆಲಸದವಳು. ದಿನವಿಡೀ ಕುದಿನೀರಿನ ತೊಟ್ಟಿಯಲ್ಲಿ ಗೂಡು ತಿರುವಿ ಎಳೆಯ ತುದಿ ಹುಡುಕಿ ಹುಡುಕಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಆ ಕೈಗಳಿಂದಲೇ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ ಮಗಳ ಕಾಲು ಎಳೆಯುತ್ತಿದ್ದಳು. ದಿನಕ್ಕೆ ಆರುನೂರು ಎಣಿಕೆ. ಸುಚಿತ್ರಾ ನಿಂತಲ್ಲೇ ಮನಸ್ಸಿನಲ್ಲಿ ಗುಣಿಸಿದಳು. ಆರು ವರ್ಷಕ್ಕೆ ಹದಿಮೂರು ಲಕ್ಷ. ಇವತ್ತು ಸಂಜೆ ಏಳಕ್ಕೆ ಮತ್ತೆ ಆರಂಭ.

ಇವತ್ತಿನ ಸಂಜೆಯನ್ನು ತಡೆಯಬೇಕು. ಅದಕ್ಕೆ ಈ ಹೆಂಗಸಿಗೆ ಹದಿಮೂರು ಲಕ್ಷವೂ ವ್ಯರ್ಥವೆಂದು ಹೇಳಬೇಕು. ಹೇಳದಿದ್ದರೆ ಮಗು ಇವತ್ತೂ ಕಿರುಚುತ್ತದೆ. ಬೇರೆ ದಾರಿ ಸುಚಿತ್ರಾಳಿಗೆ ಕಾಣಲಿಲ್ಲ.

ನಿಖಾತ್ ಚೀಲದಿಂದ ಒಂದು ವಸ್ತು ತೆಗೆದು ಮೇಜಿನ ಮೇಲಿಟ್ಟಳು. ಮೊಣಕೈಯಷ್ಟು ಉದ್ದದ ಮರದ ಉರುಳೆ. ಎಳೆಯುವಾಗ ಮಂಡಿಯ ಕೆಳಗಿಡಲೆಂದು ಸುಚಿತ್ರಾ ಹೇಳಿ ಮಾಡಿಸಿದ್ದು. ಹಬೀಬ್ ಸಾಬರು ಮೊಮ್ಮಗಳಿಗೆಂದು ಹಾಲೆ ಮರ ಆರಿಸಿ ಕಡೆದು, ಕೆಂಪು ಹಳದಿ ಹಸಿರು ಅರಗಿನ ಪಟ್ಟಿ ಹಚ್ಚಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಟ್ಟಿದ್ದರು. ಮಹ್ವಿಶ್ ಅದನ್ನು ನೋಡಿ ಮುಖ ತಿರುಗಿಸಿದಳು.

ಉರುಳೆ ಕೈಯಿಂದ ಕೈಗೆ ಹೋಯಿತು. ಎಷ್ಟು ಚೆನ್ನಾಗಿದೆ, ಸ್ಥಳೀಯ ಆವಿಷ್ಕಾರ ಎಂದರೆ ಇದು ಎಂದು ಡಾಕ್ಟರ್ ಆಫ್ತಾಬ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮಾಗಡಿಯವರು ತಮಗೂ ಎರಡು ಬೇಕೆಂದರು. ಇದು ಯಾವುದಕ್ಕೆ ಎಂದು ಒಬ್ಬರೂ ಕೇಳಲಿಲ್ಲ.

ಊಟಕ್ಕೆ ಪುಳಿಯೋಗರೆ, ಮೊಸರನ್ನ. ಸುಚಿತ್ರಾ ತಟ್ಟೆ ಹಿಡಿದು ಗೋಡೆಗೆ ಒರಗಿ ನಿಂತಳು. ಒಂದು ಮೂಲೆಯಲ್ಲಿ ನಿಖಾತ್ ಮಗಳಿಗೆ ತುತ್ತು ಕೊಡುತ್ತಿದ್ದಳು. ಮಹ್ವಿಶ್ ಒಂದೊಂದು ತುತ್ತಿಗೂ ಬಾಯಿ ತೆರೆಯಲು ಹೆಣಗುತ್ತಿದ್ದಳು, ಆದರೆ ಕಣ್ಣು ಮಾತ್ರ ಸುಚಿತ್ರಾಳ ಕೈಗಳ ಮೇಲೇ ಇತ್ತು. ಆರು ವರ್ಷದಲ್ಲಿ ಆ ಹುಡುಗಿ ತನ್ನ ಮುಖ ನೋಡಿದ್ದು ಕಮ್ಮಿ ಎಂದು ಸುಚಿತ್ರಾಳಿಗೆ ಈಗ ಹೊಳೆಯಿತು. ಅವಳು ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಎರಡೂ ಕೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡಳು.

ಮಧ್ಯಾಹ್ನ ಎರಡೂ ಕಾಲು ಗಂಟೆಗೆ ಅವಳ ಹೆಸರು ಕರೆದರು. ಲೋಕೇಶ್ ಲ್ಯಾಪ್‌ಟಾಪು ಸಿಕ್ಕಿಸಿ, ಹೆಬ್ಬೆರಳೆತ್ತಿ ತೋರಿಸಿ ಹಿಂದೆ ಸರಿದ. ತೆರೆಯ ಮೇಲೆ ‘ಒಂದು ಯಶೋಗಾಥೆ’ ಎಂದು ಬಂತು. ಅದರ ಕೆಳಗೆ ಎರಡು ಕಂಬದ ಗ್ರಾಫು. ಆರು ವರ್ಷದಲ್ಲಿ ಮಹ್ವಿಶಳ ಮಂಡಿ ಎರಡು ಡಿಗ್ರಿ ಹೆಚ್ಚು ನೇರವಾಗಿತ್ತು. ಆ ಎರಡು ಡಿಗ್ರಿ ಎತ್ತರವಾಗಿ ಕಾಣುವ ಹಾಗೆ ಕಂಬದ ಬುಡ ಕತ್ತರಿಸಿ ಕೊಟ್ಟವನು ಲೋಕೇಶ್.

ಸುಚಿತ್ರಾ ಮೈಕು ಹಿಡಿದಳು. ಇಂಗ್ಲಿಷಿನಲ್ಲಿ ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕೊನೆಯ ಸಾಲಿನಲ್ಲಿ ನಿಖಾತ್ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತನ್ನದೇ ಮದುವೆಗೆ ಕೂತವಳಂತೆ ನೆಟ್ಟಗೆ ಕೂತಿದ್ದಳು. ಸುಚಿತ್ರಾ ಕನ್ನಡದಲ್ಲಿ ಶುರುಮಾಡಿದಳು.

“ಇದು ಯಶೋಗಾಥೆ ಅಲ್ಲ” ಅಂದಳು. “ಈ ಎರಡು ಡಿಗ್ರಿ ನಿಜ. ಆದ್ರೆ ಎರಡು ಡಿಗ್ರಿ ಅಳೆಯೋ ಕೈ ನಡುಗಿದ್ರೂ ಬರುತ್ತೆ. ಬೆಳಿಗ್ಗೆ ನೀವೆಲ್ಲ ಫೋಟೊ ತೆಗೆದ್ರಲ್ಲ, ಕೆಂಪು ಚುಕ್ಕೆ, ಅದನ್ನೇ ನಾನು ಈ ಮಗುವಿಗೆ ಆರು ವರ್ಷ ಮಾಡಿದ್ದೀನಿ. ಅವಳ ತಾಯಿಗೂ ಕಲಿಸಿದ್ದೀನಿ. ಮಗು ಅತ್ತಾಗ, ಸಹಿಸ್ಕೋ, ಇದು ನಿನ್ನ ಒಳ್ಳೇದಕ್ಕೆ ಅಂತ ಹೇಳಿದ್ದೀನಿ. ಒಳ್ಳೇದು ಏನೂ ಆಗಿಲ್ಲ. ನೀವೂ ಇದನ್ನೇ ಮಾಡಿದ್ದೀರಿ. ಮಾಡಿದವರು ಒಬ್ಬರಾದ್ರೂ ಕೈ ಎತ್ತಿ.”

ಫ್ಯಾನು ಕಟ್ ಕಟ್ ಅನ್ನುತ್ತಿತ್ತು. ಯಾರೂ ಕೈ ಎತ್ತಲಿಲ್ಲ. ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವಳು ಏನನ್ನೂ ಎಣಿಸುತ್ತಿರಲಿಲ್ಲ. ಈಗ ಯಾರಾದರೂ ಬೈಯುತ್ತಾರೆ, ಕೆಳಗಿಳಿ ಅನ್ನುತ್ತಾರೆ, ಕೆಲಸ ಹೋದರೂ ಹೋಗಲಿ ಎಂದುಕೊಂಡಳು.

ಡಾಕ್ಟರ್ ಆಫ್ತಾಬ್ ಚಪ್ಪಾಳೆ ತಟ್ಟಿದರು.

ಒಬ್ಬರ ನಂತರ ಒಬ್ಬರು, ನಲವತ್ತು ಜನವೂ ತಟ್ಟಿದರು. ತರಬೇತಿ ಯಶಸ್ವಿಯಾಗಿದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ ಎಂದರು ಡಾಕ್ಟರು. ತನ್ನ ಕೆಲಸವನ್ನು ತಾನೇ ಪ್ರಶ್ನಿಸಿಕೊಳ್ಳುವ ಇಂಥ ಧೈರ್ಯವೇ ನಮಗೆ ಬೇಕಾದದ್ದು, ಫೀಡ್‌ಬ್ಯಾಕ್ ಫಾರಮ್ಮಿನಲ್ಲಿ ‘ಆತ್ಮಾವಲೋಕನ’ ಅಂತ ಒಂದು ಕಾಲಂ ಇದೆ, ಎಲ್ಲರೂ ತುಂಬಿ ಎಂದರು. ಸುಚಿತ್ರಾಳಿಗೆ ಮೈಯೆಲ್ಲ ಉರಿಯಿತು. ಅವಳು ಎಸೆದ ಕಲ್ಲನ್ನು ಅವರು ಹಿಡಿದುಕೊಂಡು, ಒರೆಸಿ, ಕಪಾಟಿನಲ್ಲಿಟ್ಟು ಶ್ಲಾಘಿಸಿದ್ದರು.

ಚಪ್ಪಾಳೆ ತಟ್ಟದವಳು ನಿಖಾತ್ ಒಬ್ಬಳೇ. ಅವಳು ಮೊದಲಿನಷ್ಟೇ ನೆಟ್ಟಗೆ ಕೂತಿದ್ದಳು.

ಹೊಸ ಪದ್ಧತಿಯನ್ನು ಈಗಲೇ ಮಾಡಿ ತೋರಿಸೋಣ ಎಂದರು ಡಾಕ್ಟರು. ಹಸಿರು ಚುಕ್ಕೆಯ ಚಿಕಿತ್ಸೆ ಶುರುವಾಗುವುದು ಒಂದು ಪ್ರಶ್ನೆಯಿಂದ: ಮಗುವಿಗೆ ಏನು ಬೇಕು? ಅದನ್ನೇ ಗುರಿಯಾಗಿಟ್ಟುಕೊಂಡು, ಅದನ್ನೇ ಅಭ್ಯಾಸ ಮಾಡಿಸಬೇಕು. ಮಹ್ವಿಶಳನ್ನು ಮುಂದೆ ತಂದು ಕುರ್ಚಿಯಲ್ಲಿ ಕೂರಿಸಿದರು. ಡಾಕ್ಟರು ಅವಳೆದುರು ನೆಲದ ಮೇಲೆ ಮಂಡಿಯೂರಿದರು. ಅದು ಸುಚಿತ್ರಾಳಿಗೆ ಇಷ್ಟವಾಯಿತು. ತಾನೆಂದೂ ಹಾಗೆ ಕೂತಿರಲಿಲ್ಲ. ನಿನಗೆ ಏನು ಬೇಕಮ್ಮ ಎಂದು ಅವರು ಅವಳ ಮನೆಮಾತಿನಲ್ಲೇ, ಉರ್ದುವಿನಲ್ಲಿ ಕೇಳಿದರು. ಪ್ರೀತಿಯಿಂದಲೇ ಕೇಳಿದರು.

ಮಹ್ವಿಶಳ ಬಾಯಿ ಓರೆಯಾಯಿತು. ಮಾತು ಬರುವ ಮೊದಲು ಅವಳ ಮೈಯೆಲ್ಲ ಬಿಗಿಯಬೇಕು, ಕುತ್ತಿಗೆಯ ನರ ಉಬ್ಬಬೇಕು. ಎಲ್ಲರೂ ಕಾದರು. ಅವಳು ಡಾಕ್ಟರನ್ನು ಬಿಟ್ಟು ಸುಚಿತ್ರಾಳ ಕಡೆ ತಿರುಗಿ, ಎಲ್ಲರಿಗೂ ಅರ್ಥವಾಗುವ ಹಾಗೆ ಕನ್ನಡದಲ್ಲಿ ಉತ್ತರ ಕೊಟ್ಟಳು.

“ಮೇಡಂ… ಬರೋದು… ಬ್ಯಾಡ.”

ಸಭೆ ನಕ್ಕಿತು. ಮಕ್ಕಳ ಮಾತಿಗೆ ದೊಡ್ಡವರು ನಗುವ ಹಾಗೆ, ಅಕ್ಕರೆಯಿಂದ. ಡಾಕ್ಟರೂ ನಕ್ಕು ಎದ್ದು ನಿಂತು ಮಂಡಿ ಝಾಡಿಸಿದರು. ಗುರಿ ಯಾವಾಗಲೂ ಧನಾತ್ಮಕವಾಗಿರಬೇಕು ಎಂದು ವಿವರಿಸಿದರು. ಬೇಡ ಅನ್ನುವುದು ಗುರಿಯಲ್ಲ. ಅಳೆಯುವಂತೆಯೂ ಇರಬೇಕು. ಮಗುವಿನ ಪರವಾಗಿ ನಾವು ಸ್ವಲ್ಪ ಸಹಾಯ ಮಾಡೋಣ ಎಂದು ಸ್ಟ್ಯಾಂಡಿಗೆ ಸಿಕ್ಕಿಸಿದ್ದ ದೊಡ್ಡ ಬಿಳಿ ಹಾಳೆಯ ಮೇಲೆ ಹಸಿರು ಪೆನ್ನಿನಲ್ಲಿ ಬರೆದರು: ಮಹ್ವಿಶಳ ಗುರಿ, ಗೋಡೆ ಹಿಡಿದು ಹೊಸ್ತಿಲು ದಾಟುವುದು.

ಮಹ್ವಿಶ್ ಆ ಹಾಳೆಯನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ. ತಾನು ಹೇಳಿದ್ದನ್ನೇ ಬರೆದಿದ್ದಾರೆಂದು ನಂಬಿ ಅವಳ ಮುಖ ಅರಳಿತ್ತು. ಅದನ್ನು ನೋಡಿ ಸುಚಿತ್ರಾಳಿಗೆ ತಡೆಯಲಾಗಲಿಲ್ಲ.

ಅವಳು ಹೋಗಿ ಡಾಕ್ಟರ ಕೈಯಿಂದ ಪೆನ್ನು ತೆಗೆದುಕೊಂಡಳು. ಕಿತ್ತುಕೊಂಡಳೆಂದು ಆಮೇಲೆ ಲೋಕೇಶ್ ಹೇಳಿದ. ಹೊಸ್ತಿಲು ದಾಟುವ ಸಾಲಿನ ಮೇಲೆ ಗೆರೆ ಎಳೆದು, ಅದರ ಕೆಳಗೆ ದೊಡ್ಡದಾಗಿ ಬರೆದಳು: ಸುಚಿತ್ರಾ ಮೇಡಂ ಬರಬಾರದು.

“ಮಗು ಹೇಳಿದ್ದು ಇದು” ಅಂದಳು.

“ಸುಚಿತ್ರಾ ಅವರೇ, ಇದನ್ನ ಅಳೆಯೋಕಾಗಲ್ಲ.”

“ಆಗುತ್ತೆ ಸಾರ್. ವಾರಕ್ಕೆ ಎರಡು ಸಲ ಹೋಗ್ತಿದ್ದೆ. ಸೊನ್ನೆ ಮಾಡಬಹುದು.”

ಈ ಸಲ ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ಅಷ್ಟರಮಟ್ಟಿಗೆ ಗೆದ್ದೆ ಎಂದುಕೊಂಡಳು. ಡಾಕ್ಟರು ಗಡಿಯಾರ ನೋಡಿ ಕನಕಪುರದ ಯಶೋಗಾಥೆಯನ್ನು ಕರೆದರು. ಕನಕಪುರದವರು ವೇದಿಕೆ ಹತ್ತುವ ಮೊದಲು ಆ ಹಾಳೆಯನ್ನು ಹಿಂದಕ್ಕೆ ಮಗುಚಿದರು.

ನಾಲ್ಕೂ ಮುಕ್ಕಾಲಿಗೆ ಲೋಕೇಶ್ ಫಾರಂ ಹಿಡಿದುಕೊಂಡು ವರಾಂಡಕ್ಕೆ ಬಂದ. ಕುಟುಂಬದವರ ಜೊತೆ ಸಂವಹನದ ಸೆಷನ್ನಿಗೆ ಸಮಯ ಉಳಿದಿರಲಿಲ್ಲ. ಸರ್ಟಿಫಿಕೇಟ್ ಬೇಕಾದರೆ ಸಹಿ ಬೇಕು, ತರಬೇತಿ ತೃಪ್ತಿಕರ ಅನ್ನುವ ಕಡೆ ಒಂದು ಗುರುತು ಹಾಕಿದರೆ ಸಾಕು ಎಂದ. ಅವಳು ಹಾಕಲ್ಲ ಎಂದಳು. ಸರಿ, ಅತೃಪ್ತಿಕರ ಅಂತಲಾದರೂ ಹಾಕಿ ಎಂದ. ಅದನ್ನೂ ಹಾಕಲ್ಲ ಎಂದಳು. ನಾಳೆಯಿಂದ ರಿಜಿಸ್ಟರಿನಲ್ಲಿ ಸ್ಟ್ರೆಚಿಂಗ್ ಕಾಲಮ್ಮನ್ನು ಖಾಲಿ ಬಿಡುತ್ತೇನೆ, ಎಲ್ಲ ಮಕ್ಕಳದ್ದೂ ಎಂದಳು.

“ಖಾಲಿ ಬುಟ್ರೆ ನೀವ್ ವಿಸಿಟ್ಟೇ ಮಾಡಿಲ್ಲ ಅಂತಾಯ್ತದೆ ಮೇಡಂ.”

“ಆಗಲಿ.”

“ಕಾಲಂ ತೆಗ್ಸೋಕೆ ಮೇಲಿಂದ ಆರ್ಡರ್ ಬರ್ಬೇಕು. ಒಂದ್ ವರ್ಷ ಆಯ್ತದೆ. ಅಲ್ಲೀಗಂಟ ಒಸಿ ಅಡ್ಜಸ್ಟ್ ಮಾಡ್ಕಳಿ.”

ಒಂದು ವರ್ಷವೆಂದರೆ ಎಷ್ಟು ಎಣಿಕೆ ಎಂದು ಅವಳು ಕೇಳಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು. ಸ್ಕೂಟಿಯನ್ನು ಬೆಳಿಗ್ಗೆ ಚನ್ನಪಟ್ಟಣದಲ್ಲೇ ಬಿಟ್ಟು ಬಂದಿದ್ದಳು. ಗೇಟಿನ ಬಳಿ ನಿಖಾತ್ ಮಗಳನ್ನು ಹೊತ್ತು ನಿಂತಿದ್ದಳು. ಬಸ್ಸಿನಲ್ಲಿ ಜೊತೆಗೆ ಹೋಗದೆ ವಿಧಿಯಿರಲಿಲ್ಲ.

ಸರ್ಕಾರಿ ಬಸ್ಸು. ಮೂರು ಜನರ ಸೀಟು. ಕಿಟಕಿಯ ಕಡೆ ನಿಖಾತ್, ನಡುವೆ ಮಹ್ವಿಶ್, ಈಚೆ ಸುಚಿತ್ರಾ. ರೇಷ್ಮೆಗೂಡಿನ ಮಾರುಕಟ್ಟೆಯ ವಾಸನೆ ಬಸ್ಸಿನ ಜೊತೆ ಸ್ವಲ್ಪ ದೂರ ಬಂದು ನಿಂತಿತು. ಕಿಟಕಿಯಲ್ಲಿ ಬಂಡೆ ಬೆಟ್ಟ ಹಿಂದಕ್ಕೆ ಸರಿಯುತ್ತಿತ್ತು. ನಿಖಾತ್ ಅದನ್ನು ನೋಡುತ್ತಾ ಕೂತಿದ್ದಳು.

“ನಿಖಾತ್, ನಾನು ಅಲ್ಲಿ ಹೇಳಿದ್ದು ನಿಮಗೆ ಅರ್ಥ ಆಯ್ತಲ್ಲ?”

“ಆಯ್ತು.”

“ಇವತ್ತು ಸಂಜೆ ಮಾಡಬೇಡಿ.”

ನಿಖಾತ್ ಜಾರುತ್ತಿದ್ದ ಮಗಳನ್ನು ಸೀಟಿನ ಮೇಲೆ ಸರಿಯಾಗಿ ಕೂರಿಸಿದಳು.

“ಆ ಉರುಳೆ ನನಗೆ ಕೊಡಿ. ನಾನು ತಗೊಂಡು ಹೋಗ್ತೀನಿ.”

ನಿಖಾತ್ ಚೀಲದ ಬಾಯಿಯ ಮೇಲೆ ಕೈಯಿಟ್ಟಳು. ಬೆಳ್ಳಗೆ ಸುಕ್ಕಾದ ಬೆರಳುಗಳು ಚೀಲವನ್ನು ಒತ್ತಿ ಹಿಡಿದವು.

“ನಾನ್ ಬುಡಾಕಿಲ್ಲ ಮೇಡಂ” ಅಂದಳು. ದನಿ ಏರಲಿಲ್ಲ. “ನಿಮ್ದು ಕೆಲಸ. ಒಂದ್ ಚುಕ್ಕೆ ಬಂತು, ನಿಲ್ಸಿದ್ರಿ. ನಾಳೆ ಇನ್ನೊಂದ್ ಚುಕ್ಕೆ ಬತ್ತದೆ, ಇನ್ನೊಂದ್ ಮಾಡ್ತೀರ. ನಾನು ನನ್ ಮಗಳ ಬಾಯಿಗೆ ಬಟ್ಟೆ ಇಟ್ಟು ಎಳ್ದಿವ್ನಿ, ಗೊತ್ತಾ ನಿಮ್ಗೆ? ಅಕ್ಕಪಕ್ಕದೋರು ಏನಂತಾರೆ ಅಂತ. ಒಂದ್ ದಿನ ಹೊಡ್ದೂ ಇವ್ನಿ. ಅದೆಲ್ಲ ಸುಮ್ಸುಮ್ನೆ ಅಂತ ನೀವ್ ಹೇಳ್ಬುಟ್ರೆ, ನಾನ್ ಏನಾದೆ?”

ಒಳ್ಳೆಯ ಪ್ರಶ್ನೆ ಎಂದು ಸುಚಿತ್ರಾ ಹೇಳಬಹುದಿತ್ತು. ನಾಚಿಕೆಯಾಯಿತು.

“ನೀವು ಬನ್ನಿ, ಬುಡಿ. ನಾನ್ ನಿಲ್ಸಾಕಿಲ್ಲ. ಏಳ್ ಗಂಟೆಗೆ ಮಾಡೇ ಮಾಡ್ತೀನಿ.” ನಿಖಾತ್ ಮತ್ತೆ ಕಿಟಕಿಗೆ ತಿರುಗಿದಳು.

ಸುಚಿತ್ರಾ ಯೋಚಿಸಿದಳು. ನಾಳೆ ಹೋಗಿ, ನಾಡಿದ್ದು ಹೋಗಿ, ದಿನಾ ಏಳಕ್ಕೆ ಹೋಗಿ ಆ ಚಾಪೆಯ ಮೇಲೆ ತಾನೇ ಕೂತುಬಿಡಬೇಕು. ಆ ಹೆಂಗಸಿನ ಕೈ ಹಿಡಿದುಕೊಳ್ಳಬೇಕು. ಆದರೆ ಹೋಗಬಾರದೆಂದು ತನ್ನ ಕೈಯಾರೆ ಬರೆದು ಬಂದಿದ್ದಳು. ಮಗು ತನ್ನ ಜನ್ಮದಲ್ಲಿ ಮೊದಲ ಸಲ ಒಂದು ಬೇಕು ಬೇಡ ಹೇಳಿತ್ತು. ಹೋದರೆ ಅದನ್ನು ಮುರಿದ ಹಾಗೆ. ಹೋಗದಿದ್ದರೆ ಏಳು ಗಂಟೆ ತನ್ನ ಪಾಡಿಗೆ ಬರುತ್ತದೆ. ಸಭೆಯಲ್ಲಿ ಅಷ್ಟು ಬಿರುಸಾಗಿ ಎಳೆದ ಗೆರೆಯ ಎರಡೂ ಕಡೆ ಈಗ ಅವಳೇ ಸಿಕ್ಕಿಕೊಂಡಿದ್ದಳು. ಆದರೂ ಆ ಗೆರೆ ಎಳೆದದ್ದಕ್ಕೆ ಅವಳಿಗೆ ಪಶ್ಚಾತ್ತಾಪವಾಗಲಿಲ್ಲ.

ಸೀಟಿನ ಮೇಲಿದ್ದ ಅವಳ ಬಲಗೈಗೆ ಏನೋ ತಾಗಿತು.

ಮಹ್ವಿಶ್ ಅವಳ ತೋರುಬೆರಳನ್ನು ಹಿಡಿದುಕೊಂಡಿದ್ದಳು. ಬಿಗಿದ, ಬಿಸಿಯಾದ, ಬೆವೆತ ಪುಟ್ಟ ಮುಷ್ಟಿ. ಆ ಕೈ ಏನನ್ನಾದರೂ ಒಮ್ಮೆ ಹಿಡಿದರೆ ತಾನಾಗಿ ಬಿಡಲು ಬರುತ್ತಿರಲಿಲ್ಲ, ಅದೂ ಆ ಮಗುವಿನ ಕಾಯಿಲೆಯೇ. ಆದರೂ ಸುಚಿತ್ರಾ ಕೈ ಅಲುಗಿಸದೆ ಕೂತಳು. ಆರು ವರ್ಷದಲ್ಲಿ ಈ ಹುಡುಗಿ ತಾನಾಗಿ ಅವಳನ್ನು ಮುಟ್ಟಿರಲಿಲ್ಲ. ಬೇರೆ ಯಾರೂ ಮುಟ್ಟಿರಲಿಲ್ಲ. ಕ್ಷಮಿಸಿದಳೇನೋ ಎಂದುಕೊಂಡಳು.

ಮಹ್ವಿಶ್ ಬೆರಳನ್ನು ಹಿಂದಕ್ಕೆ ಬಗ್ಗಿಸತೊಡಗಿದಳು.

ಮೊದಲು ನಿಧಾನವಾಗಿ. ಆಮೇಲೆ ಭುಜದ ಬಲವನ್ನೆಲ್ಲ ಹಾಕಿ. ಗೆಣ್ಣು ಚುರ್ ಎಂದಿತು.

“ನೋವಾಗುತ್ತೆ ಕಣೇ” ಅಂದಳು ಸುಚಿತ್ರಾ ಮೆಲ್ಲಗೆ.

ಮಹ್ವಿಶಳ ಕುತ್ತಿಗೆಯ ನರ ಉಬ್ಬಿತು. ಬಾಯಿ ಓರೆಯಾಯಿತು. “ಅಳ್ಬೇಡ” ಅಂದಳು. “ಎಣಿಸು.”

ಸುಚಿತ್ರಾ ನಿಖಾತಳ ಕಡೆ ನೋಡಿದಳು. ಅವಳು ಕಿಟಕಿಗೆ ಹಣೆ ಒತ್ತಿಕೊಂಡು ಕಣ್ಣು ಮುಚ್ಚಿದ್ದಳು. ಕೈ ಮಾತ್ರ ಚೀಲದ ಮೇಲೇ ಇತ್ತು. ಸುಚಿತ್ರಾ ಬೆರಳು ಎಳೆದುಕೊಳ್ಳಲಿಲ್ಲ. ಎಳೆದುಕೊಳ್ಳಬಹುದಿತ್ತು.

ಒಂದು, ಎರಡು ಎಂದು ಎಣಿಸತೊಡಗಿದಳು. ಮಹ್ವಿಶ್ ಜೊತೆಗೆ ಎಣಿಸಿದಳು. ಚಾಪೆಯ ಮೇಲೆ ಉಸಿರುಗಟ್ಟಿ ಓಡುತ್ತಿದ್ದ ಅಂಕಿಗಳು ಈಗ ಒಂದೊಂದಾಗಿ, ಅವಸರವಿಲ್ಲದೆ, ಪೂರ್ತಿಯಾಗಿ ಬರುತ್ತಿದ್ದವು. ಹತ್ತಕ್ಕೆ ಸುಚಿತ್ರಾಳ ಕಣ್ಣಲ್ಲಿ ನೀರು ಬಂತು. ಹದಿನೆಂಟಕ್ಕೆ ನೋವು ಮೊಣಕೈಗೆ ಏರಿತು. ಬಸ್ಸಿನ ಎದುರು ಗಾಜಿನಲ್ಲಿ ಚನ್ನಪಟ್ಟಣದ ಮೊದಲ ಅಂಗಡಿಗಳು, ಬಣ್ಣದ ಮರದ ಕುದುರೆಗಳ ಸಾಲು ಕಾಣಿಸಿತು. ಇಪ್ಪತ್ತೈದು. ಇನ್ನು ಐದೇ ಎಂದು ಅವಳ ಮೈ ತಾನಾಗಿ ಸಡಿಲವಾಗತೊಡಗಿತು. ಇಪ್ಪತ್ತೊಂಬತ್ತು. ಮೂವತ್ತು.

ಸುಚಿತ್ರಾ ನಿಲ್ಲಿಸಿದಳು. ಮುಷ್ಟಿ ಸಡಿಲವಾಗಲಿಲ್ಲ.

ಮಹ್ವಿಶ್ ತಲೆಯೆತ್ತಿ, ಅವಳ ಕೈಯ ಮೇಲಿದ್ದ ಕಣ್ಣು ಕಿತ್ತು, ಮೊದಲ ಸಲ ಅವಳ ಮುಖವನ್ನೇ ನೆಟ್ಟಗೆ ನೋಡಿದಳು.

“ಮೂವತ್ತೊಂದು” ಅಂದಳು.

ಅದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಚನ್ನಪಟ್ಟಣ ಇಳಿಯೋರು ಇಳೀರಿ ಎಂದು ಕಂಡಕ್ಟರ್ ಕೂಗಿದ. ನಿಖಾತ್ ಎಚ್ಚೆತ್ತು, ಚೀಲ ಹೆಗಲಿಗೇರಿಸಿ, ಮಗಳನ್ನು ಎತ್ತಿಕೊಳ್ಳಲು ಬಗ್ಗಿದಳು. ಸುಚಿತ್ರಾ ಏಳಲಿಲ್ಲ, ಮುಷ್ಟಿಯೂ ಬಿಡಲಿಲ್ಲ.

“ಮೂವತ್ತೆರಡು.”